ಮರದ ಚೌಕಟ್ಟಿನ ಹಳೆ ಮನೆ: ಇನ್ಸುಲೇಷನ್‌ಗೆ ಮುಂಚೆ ನೀರಿನ ಲೆಕ್ಕ

ಚಳಿಗಾಲದ ಬೆಳಗಿನ ಹೊತ್ತು ಹಳೆಯ ಮನೆಯೊಂದರ ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿ. ಚಾವಣಿಯ ಹಲಗೆ ದಾಟಿ ಮೊಳೆಗಳ ತುದಿ ಒಳಗೆ ಇಣುಕುತ್ತಿರುತ್ತವೆ. ಒಂದೊಂದು ತುದಿಯಲ್ಲೂ ಒಂದೊಂದು ಹನಿ ನೇತಾಡುತ್ತಿರುತ್ತದೆ. ಮೊಳೆಯ ಸುತ್ತ ಮರ ಕಪ್ಪಾಗಿರುತ್ತದೆ. ಕೆಳಗಿನ ಹಲಗೆಯ ಮೇಲೆ ಕಾಳಿನಷ್ಟು ತುಕ್ಕಿನ ಚುಕ್ಕೆಗಳು, ಮೊಳೆಗಳು ಇರುವ ಸಾಲಿನಲ್ಲೇ. ಹಿಂದಿನ ದಿನ ಮಳೆ ಬಂದಿಲ್ಲ. ಆದರೂ ಮನೆಯವರು ಚಾವಣಿ ಸೋರುತ್ತಿದೆ ಅಂದುಕೊಂಡು ಹೆಂಚು ಬದಲಾಯಿಸುತ್ತಾರೆ. ಮುಂದಿನ ಚಳಿಗಾಲಕ್ಕೆ ಹನಿಗಳು ಮತ್ತೆ ಹಾಜರ್.

ಆ ನೀರು ಹತ್ತಿದ್ದು ಕೆಳಗಿನ ಕೋಣೆಗಳಿಂದ. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ, ಜನರ ಉಸಿರು ಎಲ್ಲ ಸೇರಿ ನಾಲ್ಕು ಮಂದಿ ಇರುವ ಮನೆಯಲ್ಲಿ ದಿನಕ್ಕೆ ಸುಮಾರು 10 ಲೀಟರ್ ನೀರು ಆವಿಯಾಗುತ್ತದೆ. ಆ ಆವಿಯಲ್ಲಿ ಒಂದು ಪಾಲು ಬಿಸಿ ಗಾಳಿಯ ಜೊತೆ ಅಟ್ಟಕ್ಕೆ ಹೋಗುತ್ತದೆ, ತಣ್ಣಗಿರುವ ಮೊಳೆ ಸಿಕ್ಕಿದ ಕೂಡಲೇ ನೀರಾಗುತ್ತದೆ. ಮರದ ಮನೆಗೆ ಹೊಸ ಚಾವಣಿ ಹಾಕಿಸುವವರು, ಇನ್ಸುಲೇಷನ್ (ಶಾಖ ದಾಟದಂತೆ ತಡೆಯುವ ಹೊದಿಕೆ) ಮಾಡಿಸುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಈ ಹನಿಯನ್ನ. ಉಳಿದದ್ದೆಲ್ಲ ಆಮೇಲೆ.

ಮರ ಒದ್ದೆಯಾಗುವುದು ತಪ್ಪಲ್ಲ, ಒಣಗದೇ ಇರುವುದು ತಪ್ಪು

ಮರ ಹಳೆಯದಾಯಿತು ಅಂತ ಸಾಯುವುದಿಲ್ಲ. ಜಪಾನಿನ ಹೊರ್ಯೂಜಿ ಬೌದ್ಧ ದೇಗುಲದ ಮರದ ಕಟ್ಟಡಗಳು ಸುಮಾರು 1300 ವರ್ಷದಿಂದ ನಿಂತಿವೆ. ನಾರ್ವೆಯ ಬೋರ್ಗುಂಡ್‌ನ ಮರದ ಚರ್ಚ್‌ಗೆ 800 ವರ್ಷ ದಾಟಿದೆ. ಎರಡಕ್ಕೂ ಮಳೆ, ಹಿಮ ಬಿದ್ದೇ ಬಿದ್ದಿದೆ. ಆದರೆ ಸೂರು ಅಗಲವಾಗಿದೆ, ಕಂಬ, ತೊಲೆ ಕಲ್ಲಿನ ಮೇಲೆ ನಿಂತಿವೆ, ಗಾಳಿ ಎಲ್ಲ ಕಡೆಯಿಂದ ಮುಟ್ಟುತ್ತದೆ. ಒದ್ದೆಯಾದ ಮರ ಮತ್ತೆ ಒಣಗುತ್ತದೆ.

ಮರವನ್ನು ಕೊಳೆಸುವ ಬೂಷ್ಟಿಗೆ ನೀರು ಬೇಕು. ಮರದ ಒಣ ತೂಕಕ್ಕೆ ಹೋಲಿಸಿದರೆ ಅದರಲ್ಲಿ ನೀರು ಶೇ. 20ಕ್ಕಿಂತ ಕಡಿಮೆ ಇದ್ದರೆ ಮನೆಯ ಮರಕ್ಕೆ ಭಯವಿಲ್ಲ ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. ಶೇ. 28–30ರ ಹೊತ್ತಿಗೆ ನಾರಿಗೆ ಹೀರಿಕೊಳ್ಳಲು ಜಾಗ ಇರುವುದಿಲ್ಲ, ಬೂಷ್ಟಿಗೆ ಅದು ಹಬ್ಬ. ಎರಡು ಮುಳ್ಳಿನ ಚಿಕ್ಕ ತೇವಾಂಶ ಮೀಟರ್ ಒಂದಿದ್ದರೆ ಈ ಅಂಕಿಯನ್ನು ನೀವೇ ಅಳೆಯಬಹುದು. ಇಡೀ ಕೆಲಸಕ್ಕೆ ನಾನು ಮೊದಲು ಕೊಳ್ಳಲು ಹೇಳುವ ಸಾಮಾನು ಅದೇ.

ಈಗ ಹಳೆಯ ಮನೆಯ ಒಂದು ಗುಟ್ಟು. ಅದು ಇಷ್ಟು ವರ್ಷ ಒಣಗಿದ್ದು ಅದರ ಸೋರಿಕೆಯಿಂದಲೇ. ಒಲೆಯ, ಹೀಟರ್‌ನ ಬಿಸಿ ಸಂದುಗೊಂದುಗಳಿಂದ ಮೇಲಕ್ಕೆ ಸೋರುತ್ತಿತ್ತು. ಆ ಬಿಸಿಗೆ ಚಾವಣಿಯ ಮರ ಕೊಂಚ ಬೆಚ್ಚಗಿರುತ್ತಿತ್ತು, ಹೆಂಚಿನ ಸಂದಿನ ಗಾಳಿ ಆವಿಯನ್ನು ಹೊರಗೆ ಎತ್ತಿಕೊಂಡು ಹೋಗುತ್ತಿತ್ತು. ದುಡ್ಡು ಸುಡುತ್ತಿತ್ತು ನಿಜ, ಆದರೆ ಮರ ಬದುಕುತ್ತಿತ್ತು. ನಾವು ಇನ್ಸುಲೇಷನ್ ಹಾಕಿದ ದಿನ ಆ ಬಿಸಿ ನಿಲ್ಲುತ್ತದೆ. ಹೊರಗಿನ ಮರ ಮೊದಲಿಗಿಂತ ತಣ್ಣಗಾಗುತ್ತದೆ. ಒದ್ದೆಯಾಗುವ ಸಂಭವ ಹೆಚ್ಚುತ್ತದೆ, ಒಣಗುವ ಶಕ್ತಿ ಇಳಿಯುತ್ತದೆ. ನೂರು ವರ್ಷ ಚೆನ್ನಾಗಿದ್ದ ಪಕ್ಕಾಸು (ಹೆಂಚು ಹೊರುವ ಇಳಿಜಾರು ಮರ) ರಿಪೇರಿ ಆದ ಹತ್ತೇ ವರ್ಷದಲ್ಲಿ ಕೊಳೆಯುವುದು ಹೀಗೆ.

ಅಂದರೆ ಹೊದಿಕೆ ಹಾಕಬಾರದು ಅಂತಲ್ಲ. ಹಾಕಿದಾಗ ಅದು ಕಿತ್ತುಕೊಂಡ ಒಣಗುವ ದಾರಿಗೆ ಬದಲಿ ದಾರಿ ಕೊಡಬೇಕು, ಅಷ್ಟೇ.

ನಿಂತ ಗಾಳಿಯ ಕಥೆ

ಇನ್ಸುಲೇಷನ್ ಅನ್ನುವುದು ಅಲ್ಲಾಡದಂತೆ ಹಿಡಿದಿಟ್ಟ ಗಾಳಿ. ಕಂಬಳಿಯೂ ಅದೇ, ಗಾಜಿನ ನಾರಿನ ಗ್ಲಾಸ್ ವೂಲ್ ಕೂಡ ಅದೇ. ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಅಂಕಿ ನಿಂತ ಗಾಳಿಗೆ ಸುಮಾರು 0.026. ಗ್ಲಾಸ್ ವೂಲ್, ಕಲ್ಲಿನ ನಾರಿನ ರಾಕ್ ವೂಲ್, ಕಾಗದದ ನಾರು, ಮರದ ನಾರು ಇವೆಲ್ಲ 0.035ರಿಂದ 0.045ರ ಒಳಗೆ. ಗಟ್ಟಿ ಫೋಮ್ ಹಲಗೆಗಳಲ್ಲಿ ಕೆಲವು 0.022–0.025. ಮೆದು ಮರ 0.13. ಉಕ್ಕು 50ರ ಆಸುಪಾಸು. ಘಟಕದ ಗೊಡವೆ ಬೇಡ, ಹೋಲಿಸಿ ನೋಡಿದರೆ ಸಾಕು.

ದಪ್ಪ ಎಷ್ಟಿರಬೇಕು? ಇಲ್ಲಿ ಒಂದು ಲೆಕ್ಕ ಹಾಕೋಣ. ಏನೂ ಹಾಕದ ಚಾವಣಿಯ ಒಂದು ಚದರ ಮೀಟರ್‌ನಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ, 2 ವ್ಯಾಟ್ ಶಾಖ ಹೋಗುತ್ತದೆ ಅಂದುಕೊಳ್ಳಿ. 100 ಮಿ.ಮೀ. ಉಣ್ಣೆ (ಗ್ಲಾಸ್ ವೂಲ್, ರಾಕ್ ವೂಲ್ ಇಂಥದ್ದು) ಹಾಸಿದರೆ ಅದು 0.33ಕ್ಕೆ ಇಳಿಯುತ್ತದೆ. 200ಕ್ಕೆ 0.18. 300ಕ್ಕೆ 0.125. ಮೊದಲ 100 ಮಿ.ಮೀ. ಶೇ. 83ರಷ್ಟು ಉಳಿಸಿತು. ಎರಡನೆಯದು ಇನ್ನು ಏಳೂವರೆಯಷ್ಟು, ಮೂರನೆಯದು ಮೂರಕ್ಕೂ ಕಡಿಮೆ. ಹಾಗಾಗಿ ದಪ್ಪದ ಬಗ್ಗೆ ಜಗಳ ಆಡುವ ಮೊದಲು ಸಂದು ಮುಚ್ಚಿದೆಯಾ ಅಂತ ನೋಡುವುದೇ ಲಾಭ. ತುಂಬ ಚಳಿ ಇರುವ ಕಡೆ 300 ಕೂಡ ಬೇಕಾಗಬಹುದು, ಅದು ಬೇರೆ ಮಾತು.

ಇನ್ನೊಂದು ಲೆಕ್ಕ ಮರದ ಚೌಕಟ್ಟಿಗೇ ಸೇರಿದ್ದು. ಪಕ್ಕಾಸುಗಳ ನಡುವೆ ಉಣ್ಣೆ ತುಂಬಿದರೂ ಪಕ್ಕಾಸು ಇರುವ ಕಡೆ ಉಣ್ಣೆ ಇಲ್ಲವಲ್ಲ. ಮರದಲ್ಲಿ ಶಾಖ ಮೂರು ಪಟ್ಟು ಜಾಸ್ತಿ ದಾಟುತ್ತದೆ. ಚಾವಣಿಯ ಶೇ. 12ರಷ್ಟು ಜಾಗ ಮರವೇ ಆಗಿದ್ದರೆ, ಆ ಪದರದಿಂದ ಸೋರುವ ಶಾಖ ಬರೀ ಉಣ್ಣೆಯ ಲೆಕ್ಕಕ್ಕಿಂತ ಕಾಲು ಪಾಲಿನಷ್ಟು ಹೆಚ್ಚಾಗುತ್ತದೆ. ಅದಕ್ಕೇ ಒಳ್ಳೆಯ ಕೆಲಸದಲ್ಲಿ ನಡುವೆ ಒಂದು ಪದರ, ಪಕ್ಕಾಸಿನ ಮೇಲೆ ಅಡ್ಡಲಾಗಿ ಇನ್ನೊಂದು ಪದರ ಇರುತ್ತದೆ.

ಹೆಂಚು ತೆಗೆಯುವ ಮುಂಚೆ

ಒಂದು ಮೊನಚು ದಬ್ಬಳ, ಒಂದು ಸುತ್ತಿಗೆ, ಒಂದು ಉದ್ದ ದಾರ, ಟಾರ್ಚ್, ಮೀಟರ್. ಇಷ್ಟು ಹಿಡಿದು ಮೊದಲು ಪಕ್ಕಾಸಿನ ಬುಡಕ್ಕೆ ಹೋಗಿ. ಪಕ್ಕಾಸು ಗೋಡೆಯ ತೊಲೆಯ ಮೇಲೆ ಕೂರುವ ಜಾಗ ಅದು. ಸೂರಿನ ನೀರು ಹಿಂದಕ್ಕೆ ಬರುವುದು ಅಲ್ಲಿಗೆ, ಕಸ ಕೂಡುವುದೂ ಅಲ್ಲೇ, ಕಣ್ಣಿಗೆ ಬೀಳದೇ ಇರುವುದೂ ಅಲ್ಲೇ. ದಬ್ಬಳ ಒತ್ತಿ. ಗಟ್ಟಿ ಮರದಲ್ಲಿ ಅದು ಒಂದೆರಡು ಮಿ.ಮೀ. ಹೋಗಿ ನಿಲ್ಲುತ್ತದೆ. ಕೊಳೆತ ಮರದಲ್ಲಿ ಒದ್ದೆ ಬ್ರೆಡ್‌ಗೆ ಹೋದ ಹಾಗೆ ಹೋಗುತ್ತದೆ. ಹೊರಗೆ ಎಳೆದಾಗ ನಾರು ಉದ್ದಕ್ಕೆ ಸಿಗಿದು ಬಂದರೆ ಮರ ಆರೋಗ್ಯವಾಗಿದೆ. ಚಿಕ್ಕ ಚೌಕಗಳಾಗಿ ಪುಡಿಯಾದರೆ ಬೂಷ್ಟಿ ಕೆಲಸ ಮುಗಿಸಿದೆ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಅನ್ನುವ ಬದಲು ಡೊಳ್ಳು ಸದ್ದು ಬಂದರೆ ಒಳಗೆ ಗೆದ್ದಲೋ ಕೊರಕ ಹುಳುವೋ ಇರುವ ಸಾಧ್ಯತೆ. ಕೆಳಗೆ ಹೊಸದಾಗಿ ಬಿದ್ದ ತಿಳಿ ಬಣ್ಣದ ಪುಡಿ ಇದ್ದರೆ ಹುಳು ಇನ್ನೂ ಇದೆ. ಬರೀ ಹಳೆಯ ತೂತುಗಳಿದ್ದರೆ ಅವು ಯಾವತ್ತೋ ಖಾಲಿ ಮಾಡಿ ಹೋಗಿರಬಹುದು.

ಆಮೇಲೆ ಚಿಮಣಿಯ ಸುತ್ತ, ಎರಡು ಇಳಿಜಾರು ಕೂಡುವ ದೋಣಿಯ ಕೆಳಗೆ, ನೆತ್ತಿಯ ಹತ್ತಿರ. ನಿಜವಾದ ಸೋರಿಕೆ ಬಹುಪಾಲು ಇಂಥ ಕೂಡು ಜಾಗಗಳಲ್ಲೇ ಇರುತ್ತದೆ, ನಡು ಹೆಂಚಿನಲ್ಲಲ್ಲ.

ನೆತ್ತಿಯ ಉದ್ದಕ್ಕೆ ದಾರ ಬಿಗಿದರೆ ಅದು ಎಷ್ಟು ಬಾಗಿದೆ ಗೊತ್ತಾಗುತ್ತದೆ. ಬಾಗಿದ್ದನ್ನು ನೋಡಿ ಗಾಬರಿ ಬೇಡ. ಮರ ಭಾರಕ್ಕೆ ನಿಧಾನವಾಗಿ ಬಾಗಿ, ಅದೇ ಆಕಾರದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅದನ್ನು ಜ್ಯಾಕ್ ಕೊಟ್ಟು ಒಂದೇ ದಿನ ನೆಟ್ಟಗೆ ಮಾಡಲು ಹೋದರೆ ಕೂಡುಗಳು ಬಿಚ್ಚುತ್ತವೆ, ಗೋಡೆ ಬಿರುಕು ಬಿಡುತ್ತದೆ. ನೋಡಬೇಕಾದ್ದು ಬಾಗು ಇನ್ನೂ ನಡೀತಾ ಇದೆಯಾ ಅಂತ. ಗೋಡೆಯ ತಲೆ ಹೊರಕ್ಕೆ ವಾಲಿದೆಯಾ, ಪಕ್ಕಾಸಿನ ಬುಡ ಜಾರಿ ಬಿಳಿ ಮರ ಕಾಣುತ್ತಿದೆಯಾ, ಯಾರೋ ಬಾಗಿಲು ಮಾಡಲು ಅಡ್ಡ ತೊಲೆ ಕತ್ತರಿಸಿದ್ದಾರಾ ಅಂತ. ಇಳಿಜಾರಿನ ಎರಡು ಪಕ್ಕಾಸು ಕಾಲು ಅಗಲಿಸಿ ನಿಂತ ಮನುಷ್ಯನ ಹಾಗೆ. ಪಾದಗಳನ್ನು ಹಿಡಿದಿಡುವುದು ಅಡ್ಡ ತೊಲೆ. ಅದು ಇಲ್ಲದಿದ್ದರೆ ಚಾವಣಿ ಗೋಡೆಯನ್ನು ಹೊರಕ್ಕೆ ದೂಡುತ್ತಲೇ ಇರುತ್ತದೆ. ಇಂಥದ್ದು ಕಂಡರೆ ಹೆಂಚಿನವರಿಗಿಂತ ಮೊದಲು ಎಂಜಿನಿಯರ್ ಬರಲಿ.

ಕೊಳೆತ ತುದಿಗಾಗಿ ಇಡೀ ಪಕ್ಕಾಸು ಬಿಸಾಡಬೇಕಿಲ್ಲ. ಕೆಟ್ಟದ್ದನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಓರೆಯಾಗಿ ಹೊಸ ತುಂಡು ಜೋಡಿಸುವುದು ಬಡಗಿಗಳ ಹಳೆಯ ವಿದ್ಯೆ. ಇಲ್ಲವೇ ಪಕ್ಕಕ್ಕೆ ಇನ್ನೊಂದು ಪಕ್ಕಾಸು ಜೋಡಿಸಿ ಬೋಲ್ಟ್ ಹಾಕಬಹುದು. ಹಾಕುವ ಮರ ಒಣಗಿದ್ದಾಗಿರಬೇಕು.

ಹಳೆಯ ಚಾವಣಿಯಲ್ಲಿ ಸಿಮೆಂಟ್ ಶೀಟ್ ಇದ್ದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಪರೀಕ್ಷೆ ಮಾಡಿಸುವ ತನಕ ಒಡೆಯಬೇಡಿ, ಕೊರೆಯಬೇಡಿ, ಗುಡಿಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ಆಮೇಲೆ ಕ್ಯಾನ್ಸರ್ ಆಗಿ ಬರಬಹುದು. ಇದರಲ್ಲಿ ಸ್ವಂತ ಸಾಹಸ ಬೇಡವೇ ಬೇಡ.

ತೂಕ

ಚಾವಣಿಗೆ ಹೊದಿಸುವ ಸಾಮಾನು ಬದಲಾದರೆ ತೂಕ ಬದಲಾಗುತ್ತದೆ. ಒಂದು ಚದರ ಮೀಟರ್‌ಗೆ ಲೋಹದ ಶೀಟ್ 5–7 ಕೆ.ಜಿ., ಒಂದಕ್ಕೊಂದು ಸಿಕ್ಕಿಕೊಳ್ಳುವ ಮಣ್ಣಿನ ಹೆಂಚು 40ರ ಆಸುಪಾಸು, ಮೇಲೆ ಮೇಲೆ ಒತ್ತಾಗಿ ಜೋಡಿಸುವ ಚಿಕ್ಕ ಹೆಂಚು 60–75. ಹಗುರದಿಂದ ಭಾರಕ್ಕೆ ಹೋದರೆ ಪಕ್ಕಾಸು ತಡೆಯುತ್ತದಾ ಅಂತ ಲೆಕ್ಕ ಹಾಕಿಸಬೇಕು. ಭಾರದಿಂದ ಹಗುರಕ್ಕೆ ಹೋದರೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಹೆಂಚಿನ ಭಾರವೇ ಇಷ್ಟು ದಿನ ಚಾವಣಿಯನ್ನು ಗಾಳಿಗೆ ಹಾರದಂತೆ ಹಿಡಿದಿತ್ತು. ಶೀಟ್ ಹಾಕಿದ ಮೇಲೆ ಪಕ್ಕಾಸನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ ಲೋಹದ ಪಟ್ಟಿಯಿಂದ ಬಿಗಿಯಬೇಕಾಗುತ್ತದೆ.

ಹೆಂಚು ಇಳಿಸುವಾಗ ಎರಡೂ ಇಳಿಜಾರನ್ನು ಸಮಸಮವಾಗಿ ಹಗುರ ಮಾಡುತ್ತಾ ಬರಬೇಕು. ಒಂದು ಕಡೆ ಪೂರ್ತಿ ಬೋಳಿಸಿ ಇನ್ನೊಂದು ಕಡೆ ಪೂರ್ತಿ ಭಾರ ಬಿಟ್ಟರೆ ಹಳೆಯ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ. ಟಾರ್ಪಾಲಿನ್ ಮೊದಲೇ ತಂದಿಟ್ಟುಕೊಳ್ಳಿ. ಮೋಡ ಕಂಡ ಮೇಲೆ ತರಲು ಹೋದರೆ ಆಯ್ತು ಕಥೆ.

ಪದರಗಳು, ಒಳಗಿನಿಂದ ಹೊರಕ್ಕೆ

ಇನ್ಸುಲೇಷನ್ ಎಲ್ಲಿ ಇಡಬೇಕು? ಅಟ್ಟವನ್ನು ವಾಸಕ್ಕೆ ಬಳಸದಿದ್ದರೆ ಅಟ್ಟದ ನೆಲದ ಮೇಲೆ ಹಾಸುವುದೇ ಅಗ್ಗ, ಸುಲಭ. ಚಾವಣಿಯ ಮರ ಎದುರಿಗೇ ಕಾಣುತ್ತಿರುತ್ತದೆ, ಗಾಳಿ ಆಡುತ್ತಿರುತ್ತದೆ. ಮಾಡುವ ತಪ್ಪು ಒಂದೇ: ಉಣ್ಣೆಯನ್ನು ಸೂರಿನ ಮೂಲೆಯ ತನಕ ತುರುಕಿ ಗಾಳಿಯ ದಾರಿ ಮುಚ್ಚುವುದು. ಅಲ್ಲಿ 50 ಮಿ.ಮೀ. ತೆರವು ಬಿಡಬೇಕು. ಅಟ್ಟದ ಮುಚ್ಚಳಕ್ಕೂ ಉಣ್ಣೆ ಅಂಟಿಸಿ, ಸುತ್ತ ರಬ್ಬರ್ ಪಟ್ಟಿ ಹಾಕಿ.

ಹೆಂಚು ಹೇಗಿದ್ದರೂ ಇಳಿಸುತ್ತಿದ್ದೀರಿ, ಅಟ್ಟದಲ್ಲಿ ಕೋಣೆಯೂ ಬೇಕು ಅಂದರೆ ಮೇಲಿನಿಂದ ಕೆಲಸ ಮಾಡುವ ಅವಕಾಶ ಇದೊಂದೇ ಸಲ. ಪಕ್ಕಾಸುಗಳು ಬೆಚ್ಚನೆಯ ಕಡೆಗೇ ಉಳಿಯುತ್ತವೆ, ಅದಕ್ಕಿಂತ ದೊಡ್ಡ ಉಪಕಾರ ಹಳೆಯ ಮರಕ್ಕೆ ಮತ್ತೊಂದಿಲ್ಲ. ಚಳಿ ಜಾಸ್ತಿ ಇರುವ ಕಡೆ ಪದರಗಳು ಹೀಗೆ ಬರುತ್ತವೆ. ಒಳಗಡೆ ಗಾಳಿ ದಾಟದ, ಆವಿಯನ್ನು ತಡೆಯುವ ಮೆಂಬ್ರೇನ್, ಅಂದರೆ ತೆಳು ಹಾಳೆ. ಅದರ ಹೊರಗೆ, ಪಕ್ಕಾಸುಗಳ ನಡುವೆ ಉಣ್ಣೆ. ಪಕ್ಕಾಸಿನ ಮೇಲೆ ಮರದ ನಾರಿನ ಗಟ್ಟಿ ಹಲಗೆ. ಅದರ ಮೇಲೆ ನೀರು ಬಿಡದ, ಆದರೆ ಆವಿಯನ್ನು ಹೊರಗೆ ಬಿಡುವ ಇನ್ನೊಂದು ಮೆಂಬ್ರೇನ್. ಆಮೇಲೆ ಪಕ್ಕಾಸಿನ ಗುಂಟ ಒಂದು ಸಾಲು ರೀಪು, ಅದರ ಮೇಲೆ ಅಡ್ಡ ರೀಪು, ಕೊನೆಗೆ ಹೆಂಚು.

ಪಕ್ಕಾಸಿನ ಗುಂಟ ಹೋಗುವ ಆ ರೀಪನ್ನು ದುಡ್ಡು ಉಳಿಸಲು ಬಿಡುವವರು ಬೇಕಾದಷ್ಟು ಜನ. ಬಿಟ್ಟರೆ ಅಡ್ಡ ರೀಪು ನೇರ ಮೆಂಬ್ರೇನ್ ಮೇಲೆ ಕೂರುತ್ತದೆ. ಹೆಂಚಿನ ಕೆಳಗೆ ಜಿನುಗಿದ ನೀರು ಒಂದೊಂದು ರೀಪಿಗೂ ತಡೆದು ನಿಲ್ಲುತ್ತದೆ, ಮೊಳೆಯ ತೂತು ಹುಡುಕಿಕೊಳ್ಳುತ್ತದೆ. ಗುಂಟ ಹೋಗುವ ರೀಪು ಇದ್ದರೆ ನೀರು ಕೆಳಕ್ಕೆ ಜಾರುತ್ತದೆ, ಗಾಳಿ ಸೂರಿನಿಂದ ಹೊಕ್ಕು ನೆತ್ತಿಯಲ್ಲಿ ಹೊರಡುತ್ತದೆ.

ಮೇಲಿನಿಂದ ಪದರ ಏರಿಸಿದರೆ ಚಾವಣಿ ಕೆಲವು ಇಂಚು ಮೇಲೇಳುತ್ತದೆ. ಸೂರಿನ ಹಲಗೆ, ನೀರಿನ ದೋಣಿ, ಚಿಮಣಿಯ ಬುಡದ ತಗಡು, ಪಕ್ಕದ ಮನೆಗೆ ಅಂಟಿದ ಗೋಡೆಯ ಕೂಡು ಎಲ್ಲವನ್ನೂ ಮತ್ತೆ ಮಾಡಬೇಕು. ಅಂದಾಜು ಪಟ್ಟಿಯಲ್ಲಿ ಇವು ಇವೆಯಾ ಅಂತ ಕೆಲಸ ಶುರು ಮಾಡುವ ಮುಂಚೆಯೇ ನೋಡಿ.

ಈಗ ಒಳಗಿನ ಮೆಂಬ್ರೇನ್ ಮಾತು. 20 ಡಿಗ್ರಿಯ ಗಾಳಿ ಒಂದು ಘನ ಮೀಟರ್‌ನಲ್ಲಿ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿಯುತ್ತದೆ, ಸೊನ್ನೆ ಡಿಗ್ರಿಯದು 5 ಗ್ರಾಂನಷ್ಟು. 20 ಡಿಗ್ರಿ, ಶೇ. 50 ತೇವ ಇರುವ ಕೋಣೆಯ ಗಾಳಿ ಸುಮಾರು 9 ಡಿಗ್ರಿಯ ಯಾವ ವಸ್ತು ಮುಟ್ಟಿದರೂ ಹನಿ ಇಳಿಸುತ್ತದೆ. ಆವಿ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ಸಾಮಾನಿನೊಳಗಿಂದ ನಿಧಾನಕ್ಕೆ ನುಸುಳುವುದು. ಇನ್ನೊಂದು, ಸಂದಿನಿಂದ ಗಾಳಿಯ ಜೊತೆ ಹರಿಯುವುದು. ಎರಡನೆಯದು ಹಲವು ಪಟ್ಟು ಜಾಸ್ತಿ ನೀರು ಹೊರುತ್ತದೆ. ಹಾಗಾಗಿ ದುಬಾರಿ ಮೆಂಬ್ರೇನ್ ತಂದು, ಸ್ವಿಚ್ ಬೋರ್ಡ್‌ಗೆ ಅಂತ ತೂತು ಕೊರೆದು ಹಾಗೇ ಬಿಟ್ಟರೆ ದುಡ್ಡು ದಂಡ. ಹಳೆಯ ಗ್ಲಾಸ್ ವೂಲ್ ಎಲ್ಲಾದರೂ ಕಿತ್ತರೆ ನೋಡಿ: ಕೆಲವು ಕಡೆ ಅದು ಮಸಿ ಹಿಡಿದಂತೆ ಕಪ್ಪಾಗಿರುತ್ತದೆ. ಸುಮಾರು ಜನ ಅದನ್ನು ಬೂಷ್ಟು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಧೂಳು. ಆ ಜಾಗದಿಂದ ವರ್ಷಗಟ್ಟಲೆ ಗಾಳಿ ಹಾದಿದೆ, ಉಣ್ಣೆ ಜರಡಿ ಹಿಡಿದ ಹಾಗೆ ಧೂಳು ಹಿಡಿದಿದೆ. ಸಂದು ಎಲ್ಲಿದೆ ಅಂತ ಅದೇ ನಕ್ಷೆ ಬರೆದು ಕೊಟ್ಟಿದೆ!

ಆವಿ ತಡೆಯುವ ಪದರ ಯಾವಾಗಲೂ ಬೆಚ್ಚಗಿರುವ, ತೇವ ಜಾಸ್ತಿ ಇರುವ ಕಡೆಗೆ. ಚಳಿ ಸೀಮೆಯಲ್ಲಿ ಅದು ಒಳಗಡೆ. ಹೊರಗೆ ಸೆಕೆ, ಒಳಗೆ ಹಗಲಿಡೀ ಏಸಿ ಅನ್ನುವ ಕಡೆ ಲೆಕ್ಕ ತಿರುಗುಮುರುಗು: ಅಲ್ಲಿ ಒಳಗಡೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ಹೊರಗಿನ ತೇವ ಬಂದು ಅದರ ಬೆನ್ನಿಗೆ ನೀರಾಗುತ್ತದೆ. ಎರಡೂ ಕಾಲ ಇರುವ ಕಡೆಗೆ ಸ್ಮಾರ್ಟ್ ಮೆಂಬ್ರೇನ್ ಅಂತ ಬಂದಿದೆ. ಒಣ ಹವೆಯಲ್ಲಿ ಅದು ಬಿಗಿಯಾಗಿ ಆವಿ ತಡೆಯುತ್ತದೆ, ಸುತ್ತ ತೇವ ಏರಿದಾಗ ಸಡಿಲವಾಗಿ ಒಳಗಡೆಗೂ ಒಣಗಲು ಬಿಡುತ್ತದೆ. ಹಳೆಯ ಮರಕ್ಕೆ ನನ್ನ ಓಟು ಅದಕ್ಕೇ.

ಹೆಂಚಿನ ಅಡಿಗೆ ಒಳಗಿನಿಂದ ಫೋಮ್ ಸಿಂಪಡಿಸುವ ವ್ಯಾಪಾರವೊಂದಿದೆ. ಒಂದೇ ದಿನದಲ್ಲಿ ಕೆಲಸ ಮುಗಿಯುತ್ತೆ, ಹೆಂಚೂ ಗಟ್ಟಿಯಾಗುತ್ತೆ ಅಂತಾರೆ. ಹಳೆಯ ಪಕ್ಕಾಸಿನ ಮೇಲೆ ನಾನಂತೂ ಹಾಕಿಸುವುದಿಲ್ಲ. ಮರ ಕಾಣದ ಹಾಗೆ ಮುಚ್ಚಿಹೋಗುತ್ತದೆ. ಸೋರಿದರೆ ನೀರು ಫೋಮ್ ಹಿಂದೆ ಮರಕ್ಕೆ ಅಂಟಿ ಕೂರುತ್ತದೆ, ಕೆಳಗೆ ಒಂದು ಹನಿಯೂ ಬಂದು ಸುದ್ದಿ ಹೇಳುವುದಿಲ್ಲ. ಮುಂದೊಂದು ದಿನ ಹೆಂಚು ತೆಗೆಯಬೇಕಾದರೆ ಎಲ್ಲ ಒಡೆದೇ ತೆಗೆಯಬೇಕು.

ಸೆಕೆಯ ವಿಷಯಕ್ಕೆ ಬಂದರೆ ದಪ್ಪದ ಜೊತೆ ತೂಕವೂ ಮುಖ್ಯ. ಮರದ ನಾರಿನ ಗಟ್ಟಿ ಹಲಗೆ ಅದೇ ದಪ್ಪದ ಹಗುರ ಗ್ಲಾಸ್ ವೂಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಶಾಖವನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಮಧ್ಯಾಹ್ನದ ಬಿಸಿಲು ಒಳಗೆ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಆಗ ಕಿಟಕಿ ತೆರೆದರೆ ಆಯಿತು. ಹೊಳೆಯುವ ಫಾಯಿಲ್ ಹಾಕುವುದಾದರೆ ಅದರ ಒಂದು ಬದಿಗಾದರೂ ಗಾಳಿಯ ತೆರವು ಇರಲೇಬೇಕು. ಎರಡು ಹಲಗೆ ನಡುವೆ ಒತ್ತಿ ಕೂರಿಸಿದ ಫಾಯಿಲ್ ಬರೀ ಅಲ್ಯೂಮಿನಿಯಂ ಹಾಳೆ, ಅದು ಶಾಖವನ್ನು ಸಲೀಸಾಗಿ ದಾಟಿಸುತ್ತದೆ.

ಗೋಡೆ

ಗೋಡೆಯ ಕಂಬಗಳ ನಡುವೆ ಹಿಂದಿನವರು ಬಿದಿರು, ಕಡ್ಡಿ ಹೆಣೆದು ಮಣ್ಣು ಮೆತ್ತುತ್ತಿದ್ದರು, ಇಲ್ಲವೇ ಇಟ್ಟಿಗೆ ಕಟ್ಟುತ್ತಿದ್ದರು. ಮೇಲೆ ಸುಣ್ಣದ ಗಾರೆ. ಮಣ್ಣು, ಸುಣ್ಣ ನೀರು ಕುಡಿಯುತ್ತವೆ, ಮತ್ತೆ ಬಿಟ್ಟುಕೊಡುತ್ತವೆ. ಇದರ ಮೇಲೆ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಬಣ್ಣ ಬಳಿದಾಗ ತೊಂದರೆ ಶುರು. ಮರ ಹಿಗ್ಗಿ ಕುಗ್ಗಿದಾಗ ಸಿಮೆಂಟ್ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಮಳೆ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ಹೊರಗಿನಿಂದ ಗೋಡೆ ಥಳಥಳ, ಒಳಗಡೆ ಬುಡದ ತೊಲೆ ಹುಡಿ.

ಫ್ರಾನ್ಸಿನ ನೊಜಾಂ-ಸುರ್-ಸೇನ್ ಊರಿನಲ್ಲಿ 1980ರ ದಶಕದಲ್ಲಿ ಇಂಥದ್ದೇ ಹಳೆಯ ಮರದ ಚೌಕಟ್ಟಿನ ಮನೆಯನ್ನು ದುರಸ್ತಿ ಮಾಡುವಾಗ ಸಿಮೆಂಟ್ ಬಿಟ್ಟು, ಸೆಣಬಿನ ಹಾಗೆ ನಾರು ಕೊಡುವ ಹೆಂಪ್ ಗಿಡದ ಕಾಂಡದ ಚೂರನ್ನು ಸುಣ್ಣದಲ್ಲಿ ಕಲಸಿ ತುಂಬಿದರು. ಈಗ ಹೆಂಪ್‌ಕ್ರೀಟ್ ಅಂತ ಕರೆಯುವ ಸಾಮಾನು ಹುಟ್ಟಿದ್ದು ಆ ರಿಪೇರಿಯಲ್ಲಿ. ಅದು ಫೋಮ್‌ನಷ್ಟು ಶಾಖ ತಡೆಯುವುದಿಲ್ಲ, ಆದರೆ ಮರದ ಜೊತೆ ಹೊಂದಿಕೊಂಡು ಹೋಗುತ್ತದೆ. ಒಳಗಿನಿಂದ ಗೋಡೆಗೆ ಮರದ ನಾರಿನ ಹಲಗೆ ಅಂಟಿಸಿ ಸುಣ್ಣ ಬಳಿಯುವುದು ಇನ್ನೊಂದು ದಾರಿ. ಇಲ್ಲಿ ಅತಿಯಾಸೆ ಬೇಡ. ಮಳೆ ಹೊಡೆಯುವ ಗೋಡೆಗೆ ತೆಳು ಪದರವೇ ಕ್ಷೇಮ.

ಮುಚ್ಚುವ ಮುಂಚೆ, ಮುಚ್ಚಿದ ಮೇಲೆ

ಹಳೆಯ ವೈರುಗಳನ್ನು ಉಣ್ಣೆಯ ಅಡಿಗೆ ಹೂಳಬೇಡಿ. ತೆರೆದ ಗಾಳಿಯಲ್ಲಿ ತಣ್ಣಗಿದ್ದ ವೈರು ಹೊದಿಕೆಯೊಳಗೆ ಬಿಸಿಯೇರುತ್ತದೆ. ಎಲೆಕ್ಟ್ರಿಷಿಯನ್ ನೋಡಿ ಹೇಳಿದ ಮೇಲೆಯೇ ಮುಚ್ಚಿ. ಚಿಮಣಿಯ ಸುತ್ತ ಉರಿಯುವ ಸಾಮಾನು ತಾಗಬಾರದು, ಅಲ್ಲಿ ರಾಕ್ ವೂಲ್ ಇರಲಿ.

ಸ್ನಾನದ ಮನೆಯ ಫ್ಯಾನಿನ ಕೊಳವೆ ಎಲ್ಲಿಗೆ ಹೋಗಿದೆ ಅಂತ ಹಿಂಬಾಲಿಸಿ ನೋಡಿ. ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿರುವುದು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅದು ಅಟ್ಟಕ್ಕೆ ದಿನಾ ಹಬೆ ಕೊಟ್ಟ ಹಾಗೆ. ಕೊಳವೆ ಚಾವಣಿ ದಾಟಿ ಹೊರಗೇ ಹೋಗಬೇಕು. ಸಂದು ಮುಚ್ಚಿದ ಮನೆಗೆ ಆ ಫ್ಯಾನ್ ಮೊದಲಿಗಿಂತ ಜಾಸ್ತಿ ಬೇಕು. ಒಳಗೆ ಒಲೆ ಉರಿಸುವವರಾದರೆ ಒಲೆಗೆ ಹೊರಗಿನ ಗಾಳಿ ಬರುವ ದಾರಿಯನ್ನೂ ಬಿಡಬೇಕು. ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅಪಾಯ.

ಉಣ್ಣೆ ತುಂಬುವ ದಿನ ಪಕ್ಕಾಸಿನಲ್ಲಿ ಮೀಟರ್ ಎಷ್ಟು ತೋರಿಸಿತು ಅಂತ ಅದೇ ಪಕ್ಕಾಸಿನ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಸಮೇತ ಬರೆದಿಡಿ. ಶೇ. 20 ದಾಟಿದ್ದರೆ ಅವತ್ತು ಮುಚ್ಚಬೇಡಿ, ಕೆಲಸದವರು ಎಷ್ಟೇ ಅವಸರ ಮಾಡಲಿ. ಪಕ್ಕಾಸಿನ ಬುಡದ ಹತ್ತಿರ ಒಂದೆರಡು ಕಡೆ ತಿರುಪು ಬಿಚ್ಚಿ ತೆಗೆಯಬಹುದಾದ ಹಲಗೆ ಇಡಿಸಿ. ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ, ಮೊದಲ ಚಳಿಗಾಲದ ನಡುವೆ ಒಮ್ಮೆ ಆ ಹಲಗೆ ಬಿಚ್ಚಿ, ಪೆನ್ಸಿಲ್ ಅಂಕಿಯ ಪಕ್ಕಕ್ಕೆ ಹೊಸ ಅಂಕಿ ಬರೆಯಿರಿ.